ಗೋಣಿಚೀಲ ಬಿಡಿ, ಬೋನು ತನ್ನಿ: ಬಿಲ್ಡಿಂಗಿನ ಬೆಕ್ಕುಗಳನ್ನು ಸಂಭಾಳಿಸುವ ಬಗೆ

"ಅಕ್ಕಾ, ನಮ್ಮ ಬಿಲ್ಡಿಂಗಿನಲ್ಲಿ ಬೆಕ್ಕು ವಿಪರೀತ ಆಗಿವೆ. ಎಲ್ಲಿ ಬಿಟ್ಟು ಬರೋದು?"

ಮುಂಬಯಿಯ ಮುಲುಂಡಿನ ನೆರೆಹೊರೆಯವರು ಕೇಳುತ್ತಾರೆ, ಡೊಂಬಿವಲಿಯ ನೆಂಟರು ಫೋನ್ ಮಾಡಿ ಕೇಳುತ್ತಾರೆ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಾಗಲೂ ಯಾರಾದರೊಬ್ಬರು ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಒಮ್ಮೆ ಬರೆದೇ ಬಿಡುತ್ತೇನೆ.

ಊರಲ್ಲಿ ನಮ್ಮ ಹಿರಿಯರು ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ನಾಲ್ಕು ದಿನ ಕಳೆದರೆ ಅದೇ ಬೆಕ್ಕು ಬಚ್ಚಲ ಒಲೆಯ ಬೂದಿಯಲ್ಲಿ ಸುರುಳಿ ಸುತ್ತಿ ಮಲಗಿರುತ್ತಿತ್ತು. ಮುಂಬಯಿಗೆ ಬಂದ ಮೇಲೆ ನಾವು ಹೊಳೆಯ ಬದಲು ಮೀನು ಮಾರ್ಕೆಟ್ ಹುಡುಕಿಕೊಂಡೆವು, ಅಷ್ಟೇ. "ಅಲ್ಲಿ ಹೊಟ್ಟೆಗೆ ಸಿಗುತ್ತದಲ್ಲ" ಅನ್ನುವುದು ನಮ್ಮ ಸಮಾಧಾನ. ಆದರೆ ಮಾರ್ಕೆಟ್ಟಿನಲ್ಲಿ ಮೊದಲೇ ಇರುವ ಬೆಕ್ಕುಗಳು ಹೊಸದನ್ನು ಕಚ್ಚಿ ಓಡಿಸುತ್ತವೆ. ಅದು ದಿಕ್ಕು ತಪ್ಪಿ ರಸ್ತೆಗೆ ಬೀಳುತ್ತದೆ.

ಇನ್ನು ನಿಮ್ಮ ಬಿಲ್ಡಿಂಗಿನ ಕಥೆ. ಬೆಕ್ಕು ಹೋಯಿತು, ಆದರೆ ಬೆಕ್ಕನ್ನು ಕರೆತಂದದ್ದು ಉಳಿಯಿತು: ತೆರೆದ ಕಸದ ಡಬ್ಬಿ, ಮೀಟರ್ ರೂಮಿನ ಬೆಚ್ಚಗಿನ ಮೂಲೆ, ಇಲಿ. ಕೆಲವು ವಾರಗಳಲ್ಲಿ ಪಕ್ಕದ ಗಲ್ಲಿಯ ಬೆಕ್ಕುಗಳು ಆ ಜಾಗ ಹಿಡಿಯುತ್ತವೆ, ಮರಿ ಹಾಕುತ್ತವೆ, ಮೊದಲಿಗಿಂತ ಎರಡು ಹೆಚ್ಚೇ ಆಗುತ್ತವೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು. ಗರ್ಭ ಸುಮಾರು 63ರಿಂದ 65 ದಿನ. ಒಂದು ಸೂಲಿಗೆ ಮೂರರಿಂದ ಐದು ಮರಿ. ಹಾಲೂಡುತ್ತಿರುವಾಗಲೇ ಮತ್ತೆ ಗರ್ಭ ಕಟ್ಟುವುದೂ ಉಂಟು. ಈ ಲೆಕ್ಕದ ಮುಂದೆ ನಿಮ್ಮ ಗೋಣಿಚೀಲ ಎಷ್ಟರದು?

ಕೆಲಸಕ್ಕೆ ಬರುವ ದಾರಿ ಒಂದೇ. ಬೆಕ್ಕನ್ನು ನೋವಾಗದಂತೆ ಹಿಡಿಯುವುದು, ಸಂತಾನಹರಣ ಆಪರೇಶನ್ ಮಾಡಿಸುವುದು, ಎಲ್ಲಿ ಹಿಡಿದಿರೋ ಅಲ್ಲೇ ಬಿಡುವುದು. ಪ್ರಾಣಿ ಸಂಸ್ಥೆಯವರು ಇದನ್ನೇ 'ಟಿಎನ್‌ಆರ್' ಅನ್ನುತ್ತಾರೆ. ಫೋನಿನಲ್ಲಿ ಆ ಮೂರಕ್ಷರ ಹೇಳಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ವಾಚ್‌ಮನ್‌ಗೆ ಮಾತ್ರ 'ನಸ್‌ಬಂದಿ' ಎಂದೇ ಹೇಳಬೇಕು.

ಮೊದಲು ಬೇಕಾಗುವ ಸಾಮಾನು

ತಂತಿಯ ಬೋನು ಒಂದು. ಎರಡೂವರೆ ಮೂರು ಅಡಿ ಉದ್ದ, ಒಂದಡಿ ಅಗಲ, ಬೆಕ್ಕು ಒಳಗಿನ ಹಲಗೆ ತುಳಿದರೆ ಬಾಗಿಲು ಬೀಳುವಂಥದ್ದು. ಅಂಗಡಿಯಲ್ಲಿ ಕೇಳುವಾಗ 'ಬೆಕ್ಕಿನ ಪಿಂಜರಾ' ಅನ್ನಿ, ಇಲ್ಲದಿದ್ದರೆ ಇಲಿಬೋನು ತೋರಿಸುತ್ತಾರೆ. ಕೊಳ್ಳಲೇಬೇಕೆಂದಿಲ್ಲ, ಪ್ರಾಣಿ ಸಂಸ್ಥೆಗಳು ಠೇವಣಿ ಇಟ್ಟುಕೊಂಡು ಕೊಡುವುದುಂಟು. ಬೋನು ಪೂರ್ತಿ ಮುಚ್ಚುವಷ್ಟು ದೊಡ್ಡ ಹಳೆಯ ಬೆಡ್‌ಶೀಟು ಎರಡು, ಹಳೆಯ ಪೇಪರ್, ದಪ್ಪ ಕೈಗವಸು, ಹತ್ತು ಹದಿನೈದು ಅಡಿ ಹಗ್ಗ, ಒಂದು ಲೀಟರಿನ ನೀರಿನ ಬಾಟಲಿ, ಒಂದು ನೋಟ್‌ಬುಕ್. ಜೊತೆಗೆ ನಿಮ್ಮಂತೆಯೇ ತಾಳ್ಮೆ ಇರುವ ಇನ್ನೊಬ್ಬರು. ಒಬ್ಬರೇ ಮಾಡುವ ಕೆಲಸವಲ್ಲ ಇದು.

ಹಂತ 1: ಎಣಿಸಿ

ಒಂದು ವಾರ ಬೆಳಗ್ಗೆ ಆರರ ಸುಮಾರಿಗೆ, ರಾತ್ರಿ ಹತ್ತರ ಮೇಲೆ ಒಂದು ಸುತ್ತು ಹಾಕಿ. ಪ್ರತಿ ಬೆಕ್ಕಿನ ಫೋಟೋ, ಬಣ್ಣ, ಗಂಡೋ ಹೆಣ್ಣೋ, ಯಾವ ಮೂಲೆಯಲ್ಲಿ ಇರುತ್ತದೆ ಎಂದು ಬರೆದಿಡಿ. "ಐವತ್ತು ಬೆಕ್ಕಿವೆ" ಎಂದು ಸಭೆಯಲ್ಲಿ ಕೂಗಾಡಿದ ಬಿಲ್ಡಿಂಗಿನಲ್ಲಿ ಎಣಿಸಿದರೆ ಹದಿಮೂರು ಸಿಕ್ಕಿದ್ದನ್ನು ನಾನೇ ಕಂಡಿದ್ದೇನೆ. ಒಂದೇ ಬೆಕ್ಕು ಐದು ಮನೆಯ ಕಿಟಕಿಗೆ ಹೋದರೆ ಐದು ಬೆಕ್ಕಾಗಿ ಕಾಣುತ್ತದೆ.

ಗಂಡು ಹೆಣ್ಣು ಗುರುತಿಸಲು ಹತ್ತಿರ ಹೋಗಬೇಕೆಂದಿಲ್ಲ. ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣ ಮೈಮೇಲಿದ್ದರೆ ಅದು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣು. ಪೂರ್ತಿ ಕಿತ್ತಳೆಯಾದರೆ ಬಹುಪಾಲು ಗಂಡು. ಕೆನ್ನೆ ಉಬ್ಬಿಕೊಂಡು ಮುಖ ಅಗಲವಾಗಿ, ಕಿವಿಯೆಲ್ಲ ಗಾಯದ ಕಲೆ ಇದ್ದರೆ ಅದು ಮರಾಠಿಯವರು 'ಬೋಕಾ' ಅನ್ನುವ ಗಡವ ಗಂಡು. ನಿಮ್ಮ ಜಿನೆಯ, ಎಂದರೆ ಮೆಟ್ಟಿಲಿನ, ಮೂಲೆಯಲ್ಲಿ ಮೂಗು ಮುಚ್ಚಿಸುವ ಆ ನಾತ ಅವನದೇ.

ಕಿವಿಯನ್ನು ಗಮನಿಸಿ. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಆ ಬೆಕ್ಕಿಗೆ ಆಪರೇಶನ್ ಆಗಿದೆ ಎಂದು ಅರ್ಥ. ಮತ್ತೆ ಹಿಡಿದು ಮತ್ತೆ ಹೊಟ್ಟೆ ಕೊಯ್ಯಿಸುವುದು ಬೇಡವೆಂದೇ ಆ ಗುರುತು. ಅರಿವಳಿಕೆಯಲ್ಲಿದ್ದಾಗಲೇ ಮಾಡುತ್ತಾರೆ, ಮರುಕಪಡಬೇಡಿ. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ, ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು.

ಇನ್ನೊಂದು ಭೇದ. ಬಾಲ ನೆಟ್ಟಗೆ ಎತ್ತಿ 'ಮಿಯಾಂವ್' ಎನ್ನುತ್ತ ಕಾಲಿಗೆ ಸುತ್ತುವ ಬೆಕ್ಕು ಯಾರೋ ಸಾಕಿ ಬಿಟ್ಟದ್ದು. ಅದಕ್ಕೆ ಮನೆ ಹುಡುಕಬಹುದು. ನಿಮ್ಮನ್ನು ಕಂಡೊಡನೆ ಸದ್ದಿಲ್ಲದೆ ಕಾರಿನಡಿ ನುಸುಳುವುದು ಮನುಷ್ಯರ ಕೈಗೆ ಬಾರದ ಬೆಕ್ಕು. ಅದನ್ನು ಮನೆಯೊಳಗೆ ಕೂಡಿಹಾಕಿ 'ಪ್ರೀತಿಯಿಂದ ಪಳಗಿಸುತ್ತೇನೆ' ಎಂದು ಹೊರಟರೆ ಅದಕ್ಕೆ ನರಕ, ನಿಮ್ಮ ಕೈಗೆ ಗಾಯ. ಹೊರಗೇ ಇರಲಿ ಬಿಡಿ.

ಹಂತ 2: ಸೊಸೈಟಿಯನ್ನು ಒಪ್ಪಿಸಿ

ಸೊಸೈಟಿ ಎಂದರೆ ಬಿಲ್ಡಿಂಗಿನ ನಿವಾಸಿಗಳ ಸಂಘ. ಬೆಕ್ಕು ಹಿಡಿಯುವುದಕ್ಕಿಂತ ಕಷ್ಟದ ಕೆಲಸ ಇದು. ಸಭೆಯಲ್ಲಿ ದಯೆ ಕರುಣೆ ಎಂದು ಶುರುಮಾಡಬೇಡಿ, ಎರಡನೇ ನಿಮಿಷಕ್ಕೇ ಜಗಳವಾಗುತ್ತದೆ. ನೋಟ್‌ಬುಕ್ ತೆರೆದು ಲೆಕ್ಕ ಓದಿ: ಇಷ್ಟು ಬೆಕ್ಕು, ಇಷ್ಟು ಹೆಣ್ಣು, ಏನೂ ಮಾಡದಿದ್ದರೆ ವರ್ಷದೊಳಗೆ ಇಷ್ಟು. ಬೈಕಿನ ಸೀಟು ಹರಿದವರ, ಕಾಲೊರಸಿನ ಮೇಲೆ ಉಚ್ಚೆ ಹೊಯ್ಸಿಕೊಂಡವರ ದೂರನ್ನು ನೀವೇ ಮೊದಲು ಎತ್ತಿ. ಅವರೇ ಮುಂದೆ ನಿಮ್ಮ ಪಕ್ಷಕ್ಕೆ ಬರುವವರು.

"ಹಿಡಿದು ಹೊರಗೆ ಹಾಕಿಸೋಣ" ಎನ್ನುವವರಿಗೆ ಕಾನೂನು ತಿಳಿಸಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಪ್ರಾಣಿಯನ್ನು ಹೊಡೆಯುವುದು, ವಿಷ ಹಾಕುವುದಲ್ಲದೆ ಹಸಿವು ನೀರಡಿಕೆಯಿಂದ ನರಳುವಂಥ ಕಡೆ ಬಿಟ್ಟುಹೋಗುವುದೂ ಅಪರಾಧ. ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ, ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ 20ನೇ ನಿಯಮ ಆವರಣದಲ್ಲಿರುವ 'ಸಮುದಾಯ ಪ್ರಾಣಿ'ಗಳಿಗೆ, ಎಂದರೆ ಯಾರ ಒಡೆತನವೂ ಇಲ್ಲದೆ ಅಲ್ಲೇ ಹುಟ್ಟಿ ಬೆಳೆದವಕ್ಕೆ, ಊಟದ ವ್ಯವಸ್ಥೆ ಮಾಡುವ ಹೊಣೆಯನ್ನು ನಿವಾಸಿಗಳ ಸಂಘದ ಮೇಲೆಯೇ ಹೊರಿಸುತ್ತದೆ. ಕಲಮು ಓದುವಾಗ ದನಿ ಏರಿಸಬೇಡಿ. ಸೆಕ್ರೆಟರಿ ಕೈಗೆ ಒಂದು ಪ್ರತಿ ಕೊಟ್ಟು ಕೂತುಕೊಳ್ಳಿ.

ಒಂದು ಎಚ್ಚರಿಕೆ. "ಬೆಕ್ಕಿದ್ದರೆ ಇಲಿ ಇರುವುದಿಲ್ಲ" ಎಂಬ ವಾದವನ್ನು ಹದವಾಗಿ ಬಳಸಿ. ಬೆಕ್ಕು ಸಣ್ಣ ಇಲಿಗಳನ್ನು ದೂರ ಇಡುತ್ತದೆ ನಿಜ. ಆದರೆ ಮುಂಬಯಿಯ ಗಟಾರದ ಹೆಗ್ಗಣ ಎದುರು ನಿಂತರೆ ಬೆಕ್ಕೇ ದಾರಿ ಬಿಡುತ್ತದೆ. ಹೆಗ್ಗಣಕ್ಕೆ ಮದ್ದು ಕಸದ ಡಬ್ಬಿಗೆ ಮುಚ್ಚಳ. ಸಭೆಯಲ್ಲಿ ಅತಿಯಾಗಿ ಹೇಳಿ ಆಮೇಲೆ ಪೇಚಿಗೆ ಸಿಕ್ಕಬೇಡಿ.

ಹಂತ 3: ಊಟ ಒಂದೇ ಜಾಗ, ಒಂದೇ ಹೊತ್ತು

ಮೂರನೇ ಮಹಡಿಯಿಂದ ಕಿಟಕಿಯಲ್ಲಿ ಮೀನಿನ ತಲೆ ಎಸೆಯುವ ಮಾಮಿ, ಪಾರ್ಕಿಂಗಿನಲ್ಲಿ ಬಿಸ್ಕತ್ತು ಹಾಕುವ ಮಕ್ಕಳು, ಹಿಂದಿನ ಗೇಟಿನಲ್ಲಿ ಹಾಲಿಡುವ ಅಜ್ಜ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಹೀಗೆ ದಿನವಿಡೀ ಅಲ್ಲಲ್ಲಿ ತಿನ್ನುವ ಬೆಕ್ಕು ಬೋನಿಗೆ ಬೀಳುವುದಿಲ್ಲ. ಜನ ಕಡಿಮೆ ಓಡಾಡುವ, ಕಾರು ನಿಲ್ಲದ, ಮಕ್ಕಳು ಆಡದ ಒಂದು ಮೂಲೆ ಆರಿಸಿ. ದಿನಕ್ಕೆ ಎರಡು ಹೊತ್ತು, ಅರ್ಧ ಗಂಟೆ ಮಾತ್ರ. ಆಮೇಲೆ ತಟ್ಟೆ ಎತ್ತಿ, ಜಾಗ ತೊಳೆದು ಬನ್ನಿ. ತೊಳೆಯದೆ ಬಂದರೆ ಮಾರನೆಯ ದಿನವೇ ಜಿರಲೆ ಮತ್ತು ದೂರು ಎರಡೂ ಬರುತ್ತವೆ.

ಹಾಲು ಬೇಡ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಆ ಭೇದಿ ನಿಮ್ಮ ತುಳಸಿ ಕುಂಡದ ಪಕ್ಕದಲ್ಲೇ ಆಗುತ್ತದೆ. ಬೇಯಿಸಿದ ಕೋಳಿ, ಮುಳ್ಳು ತೆಗೆದು ಬೇಯಿಸಿದ ಮೀನು, ಇಲ್ಲವೇ ಬೆಕ್ಕಿನ ಒಣ ಆಹಾರ ಸಾಕು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರಿನ ಅನ್ನ ಹಾಕಬೇಡಿ, ಅವೆರಡೂ ಬೆಕ್ಕಿಗೆ ವಿಷ.

ಮೇ ತಿಂಗಳಲ್ಲಿ ನಾವೆಲ್ಲ ಊರಿಗೆ ಹೊರಡುತ್ತೇವಲ್ಲ, ಆಗ ಯಾರು ಹಾಕುತ್ತಾರೆ ಎಂದು ಟಿಕೆಟ್ ಬುಕ್ ಮಾಡುವಾಗಲೇ ಗೊತ್ತುಮಾಡಿ.

ಹಂತ 4: ಆಪರೇಶನ್ನಿನ ದಿನ ನಿಗದಿ ಮಾಡಿ, ಆಮೇಲೆ ಹಿಡಿಯಿರಿ

ತುಂಬ ಜನ ಉಲ್ಟಾ ಮಾಡುತ್ತಾರೆ. ಬೆಕ್ಕು ಸಿಕ್ಕಿತೆಂದು ಶನಿವಾರ ರಾತ್ರಿ ಹಿಡಿದು, ಭಾನುವಾರ ಡಾಕ್ಟರಿಲ್ಲದೆ, ಬಚ್ಚಲುಮನೆಯಲ್ಲಿ ಕೂಡಿಹಾಕಿ ಇಡೀ ಬಿಲ್ಡಿಂಗಿಗೆ ಅದರ ಕೂಗು ಕೇಳಿಸುತ್ತಾರೆ.

ಮೊದಲು ನೀವು ಯಾವ ಪಾಲಿಕೆಗೆ ಸೇರಿದವರು ಎಂದು ನೋಡಿಕೊಳ್ಳಿ. ಮುಲುಂಡ್ ಮುಂಬಯಿ ಪಾಲಿಕೆ. ಚೆಕ್‌ನಾಕಾ ದಾಟಿದರೆ ಠಾಣೆ ಪಾಲಿಕೆ. ಡೊಂಬಿವಲಿ ಕಲ್ಯಾಣ್-ಡೊಂಬಿವಲಿ ಪಾಲಿಕೆ. ಮೀರಾರೋಡ್, ವಸಯಿ, ನವಿ ಮುಂಬಯಿ ಪ್ರತಿಯೊಂದೂ ಬೇರೆ. ಮುಂಬಯಿ ಪಾಲಿಕೆ 2019ರಿಂದ ಸಂಸ್ಥೆಗಳ ಮೂಲಕ ಬೆಕ್ಕುಗಳ ಸಂತಾನಹರಣವನ್ನೂ ಮಾಡಿಸುತ್ತಿದೆ. ನಿಮ್ಮ ವಾರ್ಡ್ ಆಫೀಸಿನಲ್ಲಿ ಅಥವಾ ಪಾಲಿಕೆಯ 1916 ಸಂಖ್ಯೆಗೆ ಫೋನ್ ಮಾಡಿ ಕೇಳಿ. ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. ಅದನ್ನು ನಡೆಸುವ ಪ್ರಾಣಿ ದಯಾ ಸಂಘ 1874ರಷ್ಟು ಹಳೆಯದು. ಖಾಸಗಿ ಕ್ಲಿನಿಕ್ಕಿಗೆ ಹೋಗುವುದಾದರೆ 'ಬೀದಿ ಬೆಕ್ಕು' ಎಂದು ಮೊದಲೇ ಹೇಳಿ, ದರ ಇಳಿಸುವ ಡಾಕ್ಟರುಗಳಿದ್ದಾರೆ.

ದಿನ ಗೊತ್ತುಮಾಡುವಾಗ ಕೇಳಬೇಕಾದದ್ದು ಇಷ್ಟು. ಕರಗುವ ಹೊಲಿಗೆ ಹಾಕುತ್ತೀರಾ? ಕೈಗೆ ಬಾರದ ಬೆಕ್ಕನ್ನು ಹೊಲಿಗೆ ಬಿಚ್ಚಲು ಮತ್ತೆ ಹಿಡಿಯಲಾಗುವುದಿಲ್ಲ. ಕಿವಿಗೆ ಗುರುತು, ರೇಬೀಸ್ ಲಸಿಕೆ ಜೊತೆಗೇ ಆಗುತ್ತದೆಯೇ? ಆಪರೇಶನ್ ನಂತರ ನೀವೇ ಇಟ್ಟುಕೊಳ್ಳುತ್ತೀರಾ, ನಾವು ಇಟ್ಟುಕೊಳ್ಳಬೇಕೇ? ಎಷ್ಟು ಗಂಟೆ ಉಪವಾಸ? ಮರಿಗಳಿಗೆ ಉಪವಾಸದ ಹೊತ್ತು ಕಡಿಮೆ, ಅದನ್ನು ಬೇರೆಯಾಗಿ ಕೇಳಿ. ನಾಲ್ಕು ತಿಂಗಳು ತುಂಬಿ ಎರಡು ಕಿಲೋ ತೂಗುವ ಮರಿಗೆ ಸಾಮಾನ್ಯವಾಗಿ ಆಪರೇಶನ್ ಮಾಡುತ್ತಾರೆ.

ಹೆಣ್ಣುಗಳಿಂದ ಶುರುಮಾಡಿ. ಒಂದು ಗಂಡು ಉಳಿದರೂ ಸಾಕು, ಉಳಿದ ಹೆಣ್ಣುಗಳೆಲ್ಲ ಗರ್ಭ ಕಟ್ಟುತ್ತವೆ. ಹಾಗಾಗಿ ಹಣವಾಗಲಿ ಬೋನಾಗಲಿ ಕಡಿಮೆಯಿದ್ದರೆ ಮೊದಲ ಪಾಳಿ ಹೆಣ್ಣಿನದು.

ಹಾಲೂಡುತ್ತಿರುವ ತಾಯಿಯನ್ನು ಹಿಡಿಯಬೇಡಿ. ಹೊಟ್ಟೆಯಡಿ ಮೊಲೆ ಜೋತು, ಸುತ್ತಲಿನ ಕೂದಲು ಉದುರಿದ್ದರೆ ಎಲ್ಲೋ ಮರಿಗಳಿವೆ. ಮರಿಗಳು ಹೊರಬಂದು ತಟ್ಟೆಯಲ್ಲಿ ತಿನ್ನಲು ಕಲಿಯುವವರೆಗೆ, ಎಂದರೆ ಐದಾರು ವಾರ, ಕಾಯಿರಿ. ಅದಕ್ಕಿಂತ ತಡ ಮಾಡಿದರೆ ಮತ್ತೆ ಗರ್ಭ ಕಟ್ಟಿರುತ್ತದೆ. ನಾನು ಮೊದಲ ವರ್ಷ ಇದನ್ನು ನೋಡದೆ ಒಂದನ್ನು ಒಯ್ದೆ. ಮೂರನೇ ದಿನ ಪಂಪ್ ರೂಮಿನ ಹಿಂದೆ ಮರಿಗಳು ಸಿಕ್ಕವು, ಜೀವ ಇರಲಿಲ್ಲ. ಈಗ ಬೋನು ಮುಚ್ಚಿದ ಮೇಲೂ ಬೆಳಕು ಹಿಡಿದು ಹೊಟ್ಟೆ ನೋಡದೆ ರಿಕ್ಷಾ ಕರೆಯುವುದಿಲ್ಲ.

ಹಂತ 5: ಹಿಡಿಯುವ ರಾತ್ರಿ

ಬೋನನ್ನು ನಾಲ್ಕೈದು ದಿನ ಮೊದಲೇ ಊಟದ ಜಾಗದಲ್ಲಿ ಇಡಿ. ಬಾಗಿಲನ್ನು ದಾರದಿಂದ ಮೇಲೆ ಕಟ್ಟಿ, ಬೀಳದಂತೆ. ಮೊದಲ ದಿನ ತಟ್ಟೆ ಬೋನಿನ ಮುಂದೆ, ಎರಡನೇ ದಿನ ಹೊಸ್ತಿಲಲ್ಲಿ, ಮೂರನೇ ದಿನ ಒಳಗೆ, ಆಮೇಲೆ ಕೊನೆಯ ತುದಿಯಲ್ಲಿ. ಬೆಕ್ಕಿಗೆ ಅದು ಊಟದ ಕೋಣೆಯಾಗಬೇಕು. ವಾಚ್‌ಮನ್‌ಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗುಜರಿ ಕೊಳ್ಳುವ ಭಂಗಾರ್‌ವಾಲಾ ಒಯ್ದುಬಿಡುತ್ತಾನೆ.

ಹಿಡಿಯುವ ಹಿಂದಿನ ಹೊತ್ತಿನ ಊಟ ಯಾರೂ ಹಾಕಬಾರದು. ಮೂರನೇ ಮಹಡಿಯ ಮಾಮಿಗೆ ಖುದ್ದಾಗಿ ಹೋಗಿ ಹೇಳಿ, ವಾಟ್ಸಾಪಿನಲ್ಲಿ ಹಾಕಿದರೆ ಅವರು ನೋಡುವುದಿಲ್ಲ.

ಬೆಕ್ಕನ್ನು ಬೋನಿಗೆ ಸೆಳೆಯಲು ಹುರಿದ ಒಣ ಬೊಂಬಿಲ್ ಮೀನು, ಬಂಗುಡೆ, ಬೂತಾಯಿ ಏನಾದರೂ ಆದೀತು. ವಾಸನೆ ಮುಖ್ಯ, ಪ್ರಮಾಣ ಅಲ್ಲ. ಮನೆಯಲ್ಲಿ ಮೀನು ತರದವರು ಬೆಕ್ಕಿನ ಗ್ರೇವಿ ಪ್ಯಾಕೆಟ್ ತಂದುಕೊಳ್ಳಿ. ಬೋನಿನ ತಳಕ್ಕೆ ಪೇಪರ್ ಹಾಸಿ, ಕಾಲಿಗೆ ತಂತಿ ತಾಗಬಾರದು. ಒಳಗಿನ ಹಲಗೆಯ ಆಚೆ ಒಂದು ಚಮಚದಷ್ಟು ಮಾತ್ರ ಇಡಿ. ಆಪರೇಶನ್‌ಗೆ ಹೊಟ್ಟೆ ಖಾಲಿ ಇರಬೇಕಲ್ಲ.

ದೂರ ಹೋಗಿ ಕೂತುಕೊಳ್ಳಿ, ಆದರೆ ಬೋನು ಕಣ್ಣಿಗೆ ಕಾಣುತ್ತಿರಲಿ. ಬೋನು ಇಟ್ಟು ಮಲಗಲು ಹೋಗುವುದು ದೊಡ್ಡ ತಪ್ಪು. ನಾಯಿಗಳು ಬಂದು ಮುತ್ತುತ್ತವೆ, ಮಳೆ ಬರುತ್ತದೆ, ಹೆದರಿದ ಬೆಕ್ಕು ತಂತಿಗೆ ಮೂಗು ತಿಕ್ಕಿ ರಕ್ತ ಮಾಡಿಕೊಳ್ಳುತ್ತದೆ.

ಬಾಗಿಲು ಬಿದ್ದೊಡನೆ ಓಡಿಹೋಗಿ ಬೆಡ್‌ಶೀಟು ಹೊದಿಸಿ. ಕತ್ತಲಾದರೆ ಬೆಕ್ಕು ಒಂದೆರಡು ನಿಮಿಷದಲ್ಲಿ ಸುಮ್ಮನಾಗುತ್ತದೆ. "ಪಾಪ ಹೆದರಿದೆ, ಒಂದು ಸಲ ಸವರುತ್ತೇನೆ" ಎಂದು ಬಾಗಿಲು ತೆರೆಯಬೇಡಿ. ಬೆರಳನ್ನೂ ತೂರಿಸಬೇಡಿ. ಬೋನಿನಿಂದ ಬೇರೆ ಪೆಟ್ಟಿಗೆಗೆ ವರ್ಗಾಯಿಸುವ ಸಾಹಸ ಬೇಡವೇ ಬೇಡ, ಬೋನಿನಲ್ಲೇ ಡಾಕ್ಟರ ಬಳಿ ಒಯ್ಯಿರಿ.

ಕೆಲವು ಬೆಕ್ಕು ಹಲಗೆ ತುಳಿಯುವುದೇ ಇಲ್ಲ. ಅಂಥದ್ದಕ್ಕೆ ನೀರಿನ ಬಾಟಲಿ. ಬಾಗಿಲಿನ ಕೆಳಗೆ ತುಂಬಿದ ಬಾಟಲಿಯನ್ನು ನಿಲ್ಲಿಸಿ ಆಸರೆ ಕೊಡಿ, ಬಾಟಲಿಯ ಕತ್ತಿಗೆ ಹಗ್ಗ ಕಟ್ಟಿ ದೂರ ಕೂರಿ. ಬಾಲವೂ ಸೇರಿ ಬೆಕ್ಕು ಪೂರ್ತಿ ಒಳಹೋದ ಮೇಲೆ ಒಂದೇ ಎಳೆತ. ಬೇಕಾದ ಬೆಕ್ಕೇ ಹೋಗಿದೆಯೇ ಎಂದು ನೋಡಿ ಎಳೆಯಬಹುದು, ಕಿವಿ ಗುರುತಿನ ಹಳೆಯ ಹೊಟ್ಟೆಬಾಕ ಪ್ರತಿ ಸಲ ಬಂದು ಬೀಳುವ ಕಾಟ ತಪ್ಪುತ್ತದೆ. ನನ್ನ ಮಟ್ಟಿಗೆ ಹಲಗೆಗಿಂತ ಬಾಟಲಿಯೇ ಮೇಲು.

ಮಳೆಗಾಲದ ಜೋರು ಮಳೆಯ ದಿನಗಳಲ್ಲಿ ಈ ಕೆಲಸ ಮಾಡಬೇಡಿ. ಏಪ್ರಿಲ್ ಮೇ ಬಿಸಿಲಿನಲ್ಲಿ ಬೋನನ್ನು ಕಾರಿನೊಳಗೆ ಬಿಟ್ಟು ಎಲ್ಲಿಗೂ ಹೋಗಬೇಡಿ, ಐದು ನಿಮಿಷಕ್ಕೂ.

ಹಂತ 6: ಆಪರೇಶನ್ ಆದ ಮೇಲೆ

ಗಂಡಿಗೆ ಒಂದೆರಡು ದಿನ, ಹೆಣ್ಣಿಗೆ ಮೂರರಿಂದ ಐದು ದಿನ ಬೋನಿನಲ್ಲೇ ಅಥವಾ ಸ್ವಲ್ಪ ದೊಡ್ಡ ಪಿಂಜರಾದಲ್ಲಿ, ಒಣಗಿದ ನೆರಳಿನ ಜಾಗದಲ್ಲಿ. ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ಕೊನೆ. ಅರಿವಳಿಕೆ ಇಳಿಯುವಾಗ ಮೈ ತಣ್ಣಗಾಗುತ್ತದೆ, ಫ್ಯಾನ್ ಹಾಕಬೇಡಿ, ಹಳೆಯ ಬಟ್ಟೆ ಹಾಸಿ. ತಲೆ ನೇರವಾಗಿ ಎತ್ತಿ ನಿಲ್ಲುವವರೆಗೆ ನೀರು ಊಟ ಇಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹೊಲಿಗೆಯಿಂದ ರಕ್ತ ಅಥವಾ ಕೀವು, ಒಂದು ದಿನ ಪೂರ್ತಿ ಊಟ ಮುಟ್ಟದಿರುವುದು, ಒಸಡು ಬಿಳಿಚಿಕೊಳ್ಳುವುದು: ಯಾವುದು ಕಂಡರೂ ಮತ್ತೆ ಡಾಕ್ಟರ ಬಳಿಗೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಚೂರು ಕೊಡುವವರಿದ್ದಾರೆ. ಮಾತ್ರೆಯ ಒಂದು ಚೂರೂ ಬೆಕ್ಕನ್ನು ಕೊಲ್ಲಬಲ್ಲದು.

ಬಿಡುವಾಗ ಹಿಡಿದ ಜಾಗದಲ್ಲೇ, ಬೆಳಗಿನ ಜಾವ, ಬಾಗಿಲು ರಸ್ತೆಯ ಕಡೆಗಲ್ಲ ಗೋಡೆಯ ಕಡೆಗೆ ಇರುವಂತೆ ಬಿಡಿ. ಬಾಣದಂತೆ ಹೋಗುತ್ತದೆ, ತಿರುಗಿ ನೋಡುವುದಿಲ್ಲ. ಎರಡು ದಿನ ಊಟಕ್ಕೂ ಬರಲಿಕ್ಕಿಲ್ಲ, ಮುನಿಸು ಅಷ್ಟೇ. ಗಂಡಿನ ನಾತ ಮತ್ತು ಜಗಳ ಮಾರನೆಯ ದಿನವೇ ನಿಲ್ಲುತ್ತದೆಂದು ಸೊಸೈಟಿಗೆ ಮಾತು ಕೊಡಬೇಡಿ. ಮೈಯಲ್ಲಿರುವ ಹಾರ್ಮೋನು ಇಳಿಯಲು ಕೆಲವು ವಾರ ಬೇಕು.

ಹಂತ 7: ಮರಿ ಸಿಕ್ಕರೆ

ಸಿಕ್ಕೊಡನೆ ಎತ್ತಿಕೊಂಡು ಬರಬೇಡಿ. ತಾಯಿ ಊಟಕ್ಕೆ ಹೋಗಿರಬಹುದು, ಅಥವಾ ಮರಿಗಳನ್ನು ಒಂದೊಂದಾಗಿ ಜಾಗ ಬದಲಿಸುತ್ತಿರಬಹುದು. ದೂರದಿಂದ ಎರಡು ಮೂರು ಗಂಟೆ ನೋಡಿ. ತಾಯಿ ಬಾರದೆ ಮರಿ ತಣ್ಣಗಾಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಸಾಕು. ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಅರಗುವುದಿಲ್ಲ. ದನದ ಹಾಲಲ್ಲ, ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ. ಮಗುವಿನಂತೆ ಅಂಗಾತ ಮಲಗಿಸಬೇಡಿ, ಹೊಟ್ಟೆಯ ಮೇಲೆ ಮಲಗಿಸಿ ಕುಡಿಸಿ.

ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ ಕಂಡ ಮರಿ ಸಾಕುಬೆಕ್ಕಾಗುತ್ತದೆ. ಆ ಕಾಲ ದಾಟಿದರೆ ಕಷ್ಟ. ಮನೆ ಸಿಗುವುದಿದ್ದರೆ ಆಗಲೇ ಪಳಗಿಸಿ, ಎಂಟು ವಾರ ತುಂಬಿದ ಮೇಲೆ ಕೊಡಿ. ಕೊಡುವ ಮೊದಲು ಅವರ ಕಿಟಕಿಗೆ ಜಾಲರಿ ಇದೆಯೇ ನೋಡಿ. ಹನ್ನೆರಡನೇ ಮಹಡಿಯಿಂದ ಪಾರಿವಾಳದ ಹಿಂದೆ ಹಾರುವ ಬೆಕ್ಕುಗಳು ಈ ಊರಿನಲ್ಲಿ ಕಡಿಮೆಯಿಲ್ಲ.

ಹಂತ 8: ನಿಮ್ಮ ಗಿಡ, ನಿಮ್ಮ ಬೈಕು

ಆಪರೇಶನ್ ಆದ ಬೆಕ್ಕೂ ಮಣ್ಣು ಕಂಡರೆ ಕೆದರುತ್ತದೆ. ಕುಂಡದ ಮಣ್ಣಿನ ಮೇಲೆ ದಪ್ಪ ಬೆಣಚುಕಲ್ಲು ಹರಡಿ, ಅಥವಾ ಕೋಳಿಜಾಲರಿ ಕತ್ತರಿಸಿ ಹಾಸಿ, ಗಿಡ ಕಣ್ಣುಗಳ ನಡುವಿನಿಂದ ಬರುತ್ತದೆ. ನೆಲಮಹಡಿಯವರ ಹಿತ್ತಿಲಲ್ಲಿ ಒಂದು ಮೂಲೆಗೆ ಒಣ ಮರಳು ಸುರಿದುಕೊಟ್ಟರೆ ಬೆಕ್ಕು ತಾನಾಗಿ ಅಲ್ಲಿಗೆ ಹೋಗುತ್ತದೆ, ನಿಮ್ಮ ದಾಸವಾಳ ಉಳಿಯುತ್ತದೆ. ಅಲ್ಲಿನ ಹೇಲನ್ನು ದಿನಾ ಎತ್ತಿ ಹಾಕಿ. ಬೆಕ್ಕಿನ ಹೇಲಿನಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು, ಅಷ್ಟರೊಳಗೆ ತೆಗೆದರೆ ಭಯ ಕಡಿಮೆ. ಬಸುರಿಯರು ಈ ಕೆಲಸ ಮಾಡುವುದು ಬೇಡ, ಮಣ್ಣಿಗೂ ಬರಿಗೈ ಹಾಕುವುದು ಬೇಡ.

ಉಚ್ಚೆಯ ಜಾಗಕ್ಕೆ ಫಿನೈಲ್ ಸುರಿಯುವುದು ನಮ್ಮ ರೂಢಿ. ಬೆಕ್ಕು ಅದನ್ನು ತುಳಿದು ಪಾದ ನೆಕ್ಕುತ್ತದೆ, ವಿಷವೇರುತ್ತದೆ. ಅಮೋನಿಯಾ ಇರುವ ಕ್ಲೀನರು ಇನ್ನೂ ತಮಾಷೆ: ಬೆಕ್ಕಿಗೆ ಅದು ಬೇರೆ ಬೆಕ್ಕಿನ ಉಚ್ಚೆಯ ವಾಸನೆ, ತನ್ನದನ್ನೂ ಸೇರಿಸಿ ಹೋಗುತ್ತದೆ. ಎಂಜೈಮ್ ಕ್ಲೀನರ್, ಎಂದರೆ ಉಚ್ಚೆಯ ಅಂಶವನ್ನೇ ಒಡೆದುಹಾಕುವ ದ್ರಾವಣ, ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುತ್ತದೆ. ಡಾಂಬರು ಗುಳಿಗೆ, ಖಾರದ ಪುಡಿ, ಇಲಿ ಹಿಡಿಯುವ ಅಂಟುಹಾಳೆ ಯಾವುದೂ ಬೇಡ. ಇಲಿಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು.

ಬೈಕಿನ ಸೀಟಿಗೆ ಗಟ್ಟಿ ಕವರು ಹಾಕಿ, ಪಕ್ಕದಲ್ಲಿ ಸೆಣಬಿನ ಹಗ್ಗ ಸುತ್ತಿದ ಒಂದು ಮರದ ತುಂಡು ನಿಲ್ಲಿಸಿ, ಉಗುರು ಮಸೆಯಲು ಅದಕ್ಕೂ ಏನಾದರೂ ಬೇಕಲ್ಲ. ಮಳೆಗಾಲದಲ್ಲಿ ಕಾರು ಶುರುಮಾಡುವ ಮೊದಲು ಬಾನೆಟ್ಟನ್ನು ಎರಡು ಸಲ ತಟ್ಟಿ, ಒಳಗೆ ಬೆಕ್ಕು ಮಲಗಿದ್ದರೆ ಎದ್ದು ಹೋಗಲಿ.

ಹಂತ 9: ಕಚ್ಚಿದರೆ, ಪರಚಿದರೆ

ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಗಡಿಯಾರ ನೋಡಿ. ಅರಿಸಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಪಾಲಿಕೆ ಮತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ ಚುಚ್ಚುತ್ತಾರೆ, ಚರ್ಮ ತೂತಾಗಿ ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧವನ್ನೂ ಕೊಡುತ್ತಾರೆ. ಬೆಕ್ಕಿನ ಹಲ್ಲು ಸೂಜಿಯಂತೆ. ಮೇಲೆ ಚುಕ್ಕೆಯಷ್ಟು ಗಾಯ, ಒಳಗೆ ಕೀವು. "ಬೆಕ್ಕು ತಾನೆ" ಎಂದು ಬಿಡಬೇಡಿ.

ಹಂತ 10: ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋದರೆ

ಈಗೀಗ ಅತಿ ಹೆಚ್ಚು ಫೋನು ಬರುವುದು ಇದಕ್ಕೇ. ಹಳೆಯ ನಾಲ್ಕು ಮಹಡಿಯ ಬಿಲ್ಡಿಂಗು ಕೆಡವುತ್ತಾರೆ, ಎಲ್ಲರೂ ಬಾಡಿಗೆ ಮನೆಗೆ ಹೋಗುತ್ತಾರೆ, ಸುತ್ತ ತಗಡಿನ ಗೋಡೆ ಏಳುತ್ತದೆ. ಇಪ್ಪತ್ತು ವರ್ಷದಿಂದ ಊಟ ಸಿಗುತ್ತಿದ್ದ ಬೆಕ್ಕುಗಳು ಒಳಗೆ ಉಳಿಯುತ್ತವೆ. ಜಾಗ ಬದಲಿಸಬೇಡಿ ಎಂದು ಇಷ್ಟು ಹೊತ್ತು ಹೇಳಿದವಳು ಇಲ್ಲಿ ಮಾತ್ರ ಬದಲಿಸಿ ಎನ್ನುತ್ತೇನೆ.

ಖಾಲಿ ಮಾಡುವ ನೋಟಿಸು ಬಂದ ದಿನವೇ ಕೆಲಸ ಶುರುವಾಗಬೇಕು. ಉಳಿದ ಆಪರೇಶನ್‌ಗಳನ್ನೆಲ್ಲ ಮೊದಲು ಮುಗಿಸಿ, ಏಕೆಂದರೆ ಮನೆಗಳು ಖಾಲಿಯಾದ ಕೂಡಲೇ ತಾಯಿ ಬೆಕ್ಕುಗಳು ಕತ್ತಲೆಯ ಲಾಫ್ಟುಗಳನ್ನೂ ಬಚ್ಚಲುಮನೆಗಳನ್ನೂ ಹುಡುಕಿಕೊಂಡು ಹೋಗಿ ಅಲ್ಲೇ ಮರಿ ಹಾಕುತ್ತವೆ. ಪಕ್ಕದ ಸೊಸೈಟಿಯಲ್ಲೋ ಗಲ್ಲಿಯಲ್ಲೋ ಬೆಕ್ಕಿಗೆ ಊಟ ಹಾಕುವವರು ಯಾರಿದ್ದಾರೆ ಎಂದು ಪತ್ತೆಹಚ್ಚಿ, ಅವರ ಒಪ್ಪಿಗೆ ತೆಗೆದುಕೊಳ್ಳಿ. ಆಮೇಲೆ ಊಟದ ತಟ್ಟೆಯನ್ನು ದಿನಕ್ಕೆ ಏಳೆಂಟು ಅಡಿಯಂತೆ ಆ ಕಡೆಗೆ ಸರಿಸುತ್ತ ಹೋಗಿ. ಅವಸರ ಮಾಡಿ ಒಂದೇ ದಿನ ಗೇಟು ದಾಟಿಸಿದರೆ ಹಿಂಬಾಲಿಸುವುದಿಲ್ಲ. ಒಂದು ಬೆಕ್ಕು ಬಾರದಿದ್ದರೆ ಆ ದಿನ ತಟ್ಟೆ ಸರಿಸಬೇಡಿ. ನಮ್ಮ ಎದುರಿನ ಬಿಲ್ಡಿಂಗಿನ ಒಂಬತ್ತನ್ನು ಹೀಗೆ ರಸ್ತೆಯ ಈಚೆಗೆ ತರಲು ಐದು ವಾರ ಹಿಡಿಯಿತು.

ತಗಡು ಹೊಡೆಯುವವರಿಗೆ ಹೇಳಿ ಕೆಳಗೆ ಒಂದೆರಡು ಕಡೆ ಒಂದು ಗೇಣು ಸಂದು ಬಿಡಿಸಿ. ನಾಯಿ ನುಗ್ಗದು, ಬೆಕ್ಕು ಹೊರಬರುತ್ತದೆ.

ಬೇರೆ ದಾರಿಯೇ ಇಲ್ಲದೆ ದೂರ ಒಯ್ಯಬೇಕಾದರೆ, ಅಲ್ಲಿ ಕಾಯಂ ಊಟ ಹಾಕುವವರಿರಬೇಕು. ಮೊದಲ ಮೂರು ನಾಲ್ಕು ವಾರ ಹೊಸ ಜಾಗದಲ್ಲೇ ಒಂದು ಕೋಣೆಯಲ್ಲಿ ಅಥವಾ ದೊಡ್ಡ ಪಿಂಜರಾದಲ್ಲಿ ಇಟ್ಟು, ಅಲ್ಲಿನ ವಾಸನೆ ಸದ್ದು ಪರಿಚಯವಾದ ಮೇಲೆ ಬಾಗಿಲು ತೆರೆಯಿರಿ. ಒಯ್ದ ದಿನವೇ ಬಿಟ್ಟರೆ ಮತ್ತೆ ಗೋಣಿಚೀಲದ ಕಥೆಯೇ.

ಕೆಡವುವ ಹಿಂದಿನ ಸಂಜೆ ಕಂತ್ರಾಟುದಾರರ ಅನುಮತಿ ಕೇಳಿ, ಟಾರ್ಚ್ ಹಿಡಿದು ಇಬ್ಬರು ಹೋಗಿ. ಪ್ರತಿ ಮನೆಯ ಲಾಫ್ಟು, ಬಚ್ಚಲಿನ ಮೇಲಿನ ಹಲಗೆ, ಜಿನೆಯ ಕೆಳಗು, ನೀರಿನ ಟಾಕಿಯ ಹಿಂದೆ ನೋಡಿ. ನಡುನಡುವೆ ನಿಂತು ಒಂದು ನಿಮಿಷ ಸುಮ್ಮನಿರಿ, ಹಸಿದ ಮರಿ ತಾನಾಗಿ ಕೂಗುತ್ತದೆ. ನೋಡಿ ಮುಗಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಂದಿನದಕ್ಕೆ ಹೋಗಿ. ಅಲ್ಲಿನ ರಾತ್ರಿ ವಾಚ್‌ಮನ್‌ಗೆ ನಿಮ್ಮ ನಂಬರು ಬರೆದುಕೊಟ್ಟು ಬನ್ನಿ.